ನನ್ನ ಅನುಭವ: ಸುರತ್ಕಲ್‌ನಿಂದ ದಾವಣಗೆರೆಗೆ ಬಂದ ನಮ್ಮ ಬಂಗುಡೆ

ದಾವಣಗೆರೆಗೆ ವಾಪಸ್ ಬಂದ ಮೊದಲ ವಾರದ ಮಾತು. ವಿದ್ಯಾನಗರದಲ್ಲಿ ನಮ್ಮನೆ ಎದುರಿಗೆ ಯಾರೋ ಮನೆ ಕಟ್ಟಿಸ್ತಿದ್ರು, ಅರ್ಧ ರಸ್ತೆಗೆ ಮರಳು ಸುರಿದಿದ್ರು, ಬೆಳಗ್ಗೆ ಆರಕ್ಕೆ ನಮ್ಮ ನಾಯಿ ಬಂಗುಡೆನ ಕರ್ಕೊಂಡು ಹೊರಗೆ ಬಂದ್ರೆ ಅವಳು ಸೀದಾ ಹೋಗಿ ಆ ಮರಳ ಗುಡ್ಡೆ ಮೇಲೇ ಕೂತ್ಲು. ಸಮುದ್ರದ ದಂಡೇಲಿ ಬೆಳೆದವಳು, ಅವಳಿಗೆ ಮರಳು ಅಂದ್ರೆ ಅದಕ್ಕೇ ಇರೋ ಜಾಗ. ನಾನು ಜೇಬಿಂದ ಕವರ್ ತೆಗೆದು ಕೈಗೆ ಹಾಕ್ಕೊಂಡು ಹೇಲು ಎತ್ತಿ, ಕವರನ್ನ ಒಳಗಿಂದ ಹೊರಗೆ ಮಗುಚಿ ಗಂಟು ಹಾಕಿದೆ. ಪಕ್ಕದ್ಮನೇಲಿ ಹೂ ಬಿಡಿಸ್ತಿದ್ದ ಅಜ್ಜಿ ನೋಡಿ, "ಅಯ್ಯೋ ಯಾಕಪ್ಪಾ ಅದನ್ನ ಕೈಯಾಗ ಎತ್ತತೀ, ಮಣ್ಣಾಗ ಮಣ್ಣಾಗಿ ಹೋಗತೈತಿ ಬಿಡು" ಅಂದ್ರು.

ಹೋಗಲ್ಲ. ಅದನ್ನ ನಾನು ಕಲಿತಿದ್ದು ಸುರತ್ಕಲ್‌ನಲ್ಲಿ. ಕೆಲಸಕ್ಕೆ ಅಂತ ಅಲ್ಲಿ ಐದು ವರ್ಷ ಇದ್ದೆ, ಬಂಗುಡೆ ಸಿಕ್ಕಿದ್ದೂ ಅಲ್ಲೇ, ಬೀಚಲ್ಲಿ ಕವುಚಿ ಹಾಕಿದ್ದ ದೋಣಿ ಕೆಳಗೆ, ಅಂಗೈಯಲ್ಲಿ ಹಿಡಿಯೋಷ್ಟು ಮರಿ. ಹೆಸರಿಟ್ಟಿದ್ದು ಮನೆ ಓನರ್ ಅಕ್ಕ. ನಾಯಿ ಸಾಕೋಕೆ ಪರ್ಮಿಶನ್ ಕೇಳಿದಾಗ ಅವರು ಹೇಳಿದ್ದು ಒಂದೇ ಮಾತು, "ನಾಯಿ ನಿಮ್ದಾದ್ರೆ ಅದು ಮಾಡಿದ್ದೆಲ್ಲ ನಿಮ್ದೇ ಮಾರಾಯ್ರೆ." ಅವರ ಮಗನಿಗೆ ಚಿಕ್ಕವನಿದ್ದಾಗ ಪಾದದ ಮೇಲೆ ಹಾವು ಹರಿದ ಹಾಗೆ ಕೆಂಪು ಗೆರೆ ಎದ್ದು, ರಾತ್ರಿಯೆಲ್ಲ ತುರಿಕೆ ಆಗಿ ಮಗು ನಿದ್ದೆನೇ ಮಾಡಿರಲಿಲ್ವಂತೆ. ನಾಯಿ ಹೊಟ್ಟೇಲಿರೋ ಕೊಕ್ಕೆಹುಳದ ಮೊಟ್ಟೆ ಹೇಲಿನ ಜೊತೆ ಮರಳಿಗೆ ಬೀಳುತ್ತೆ, ಬೆಚ್ಚಗೆ ಒದ್ದೆಯಾಗಿರೋ ಮರಳಲ್ಲಿ ಮರಿಯಾಗುತ್ತೆ, ಬರಿಗಾಲಲ್ಲಿ ಓಡಾಡೋರ ಚರ್ಮದೊಳಗೆ ಸೇರ್ಕೊಳ್ಳುತ್ತೆ. ಹೇಲು ಒಣಗಿ ಪುಡಿಯಾಗಿ ಕಾಣದೆ ಹೋದ್ಮೇಲೂ ಹುಳ ಇರುತ್ತೆ. ಅವತ್ತಿಂದ ನನ್ನ ಜೇಬಲ್ಲಿ ಕವರ್ ಇಲ್ಲದ ದಿನ ಇಲ್ಲ, ಜಂತುಹುಳದ ಮಾತ್ರೆ ಮೂರು ತಿಂಗಳಿಗೊಂದ್ಸಲ ತಪ್ಪಿಸಿಲ್ಲ.

ಕಡಲ ಊರಲ್ಲಿ ಇನ್ನೂ ಕೆಲವು ವಿಷಯ ಇವೆ, ಅಲ್ಲಿ ನಾಯಿ ಸಾಕೋರು ಗಮನಿಸಬೇಕು. ಉಪ್ಪುನೀರು ಕುಡಿದ್ರೆ ವಾಂತಿ ಭೇದಿ ಶುರುವಾಗುತ್ತೆ, ಅದಕ್ಕೆ ಬೀಚಿಗೆ ಹೋಗುವಾಗ ಕುಡಿಯೋ ನೀರು ತಗೊಂಡು ಹೋಗ್ತಿದ್ದೆ, ಮನೆಗೆ ಬಂದ್ಮೇಲೆ ಸಿಹಿನೀರಲ್ಲಿ ಕಾಲು ಹೊಟ್ಟೆ ತೊಳೆದು ಬೆರಳ ಸಂದಿ ಒರೆಸ್ತಿದ್ದೆ. ಚಳಿಗಾಲದಲ್ಲಿ ಕಡಲಾಮೆ ದಂಡೆಗೆ ಬಂದು ಮರಳಲ್ಲಿ ಮೊಟ್ಟೆ ಇಡುತ್ತೆ, ಬಿಟ್ಟ ನಾಯಿ ಒಂದು ಸಿಕ್ಕಿದ್ರೆ ಇಡೀ ಗೂಡು ಅಗೆದು ಹಾಕುತ್ತೆ, ಆ ತಿಂಗಳುಗಳಲ್ಲಿ ಬೆಲ್ಟ್ ಬಿಚ್ಚೋ ಮಾತೇ ಇಲ್ಲ.

ಇಲ್ಲಿಗೆ ಬಂದ್ಮೇಲೆ ಕಡಲು ಇಲ್ಲ, ಆದ್ರೆ ಮರಳ ಗುಡ್ಡೆ ಓಣಿಗೊಂದು ಇದೆ, ಸಂಜೆ ಆದ್ರೆ ಮಕ್ಕಳೆಲ್ಲ ಚಪ್ಪಲಿ ಬಿಟ್ಟು ಅದರ ಮೇಲೇ ಆಡೋದು. ಅಜ್ಜಿಗೆ ಇದನ್ನೇ ಹೇಳಿದೆ, ಅವರ ಮೊಮ್ಮಗನೂ ಅಲ್ಲೇ ಆಡ್ತಿದ್ದ, ಸುಮ್ನೆ ಕೇಳಿಸ್ಕೊಂಡ್ರು.

ಬಿಸಿಲು ಮಾತ್ರ ಬಂಗುಡೆಗೆ ಹೊಸದು. ನಮ್ಮೂರ ಏಪ್ರಿಲ್ ಬಿಸಿಲಲ್ಲಿ ಡಾಂಬರು ಮೇಲೆ ಅಂಗೈ ಹಿಂಭಾಗ ಇಟ್ಟು ಏಳು ಎಣಿಸೋಕಾಗಲಿಲ್ಲ ಅಂದ್ರೆ ನಾಯಿ ಪಾದಾನೂ ಸುಡುತ್ತೆ. ಅದಕ್ಕೆ ಬೆಳಗ್ಗೆ ಏಳರೊಳಗೆ ಕುಂದವಾಡ ಕೆರೆ ಕಡೆ ರಸ್ತೇಲಿ ಒಂದು ಸುತ್ತು, ಆಮೇಲೆ ಸಂಜೆ ಹೊತ್ತು ಮುಳುಗಿದ ಮೇಲೇನೇ. ಇನ್ನೊಂದು, ಮಂಡಕ್ಕಿ. ಮನೆಗೆ ಬಂದೋರೆಲ್ಲ ಪ್ರೀತಿಯಿಂದ ಒಂದು ಹಿಡಿ ಹಾಕೋಕೆ ಹೋಗ್ತಾರೆ, ಅದರಲ್ಲಿ ಈರುಳ್ಳಿ ಇರುತ್ತೆ, ಈರುಳ್ಳಿ ಬೆಳ್ಳುಳ್ಳಿ ನಾಯಿ ರಕ್ತದ ಕೆಂಪುಕಣಾನೇ ಒಡೆದುಹಾಕುತ್ತೆ. ಬೇಡಾರೀ ಅಂತ ಕೈ ಹಿಡಿದು ನಿಲ್ಲಿಸ್ತೀನಿ, ಬೇಜಾರಾದ್ರೂ ಪರವಾಗಿಲ್ಲ.

ಈಗ ನನ್ನ ತಪ್ಪಿನ ವಿಷಯ. ಊರು ಬಿಟ್ಟು ಸಾಮಾನು ಸಾಗಿಸೋ ಗಡಿಬಿಡೀಲಿ ಬಂಗುಡೆಯ ರೇಬೀಸ್ ಲಸಿಕೆ ದಿನಾಂಕ ದಾಟಿ ಎರಡೂವರೆ ತಿಂಗಳಾಗಿತ್ತು. ಇಷ್ಟು ವರ್ಷ ಯಾರಿಗೂ ಏನೂ ಮಾಡದ ನಾಯಿ, ಮುಂದಿನ ವಾರ ಹಾಕಿಸಿದ್ರಾಯ್ತು ಅಂತ ಮುಂದಕ್ಕೆ ಹಾಕ್ತಾ ಬಂದೆ. ಒಂದು ಭಾನುವಾರ ಗೇಟು ತೆರೆದಿತ್ತು, ಅವಳು ಊಟ ಮಾಡ್ತಿದ್ಲು, ಅಜ್ಜಿ ಮೊಮ್ಮಗ ಚೆಂಡು ತಗೊಳ್ಳೋಕೆ ಬಂದವನು ತಟ್ಟೆ ಹತ್ರ ಕೈ ಚಾಚಿದ, ಕಚ್ಚೇಬಿಟ್ಲು. ಮುಂಗೈ ಮೇಲೆ ಎರಡು ಹಲ್ಲು, ಸಣ್ಣಗೆ ರಕ್ತ. ಅಜ್ಜಿ ಒಳಗೋಗಿ ಸುಣ್ಣ, ಅರಿಶಿಣ ಹಿಡ್ಕೊಂಡು ಓಡಿ ಬಂದ್ರು. ನಾನು ಬೇಡಜ್ಜಿ ಅಂತ ತಡೆದು ಹುಡುಗನ ಕೈನ ನಲ್ಲಿ ಕೆಳಗೆ ಹಿಡಿದು ಬಟ್ಟೆ ಸೋಪು ಹಚ್ಚಿ ತೊಳೆಯೋಕೆ ಶುರು ಮಾಡಿದೆ. ಹದಿನೈದು ನಿಮಿಷ ತೊಳೀಬೇಕು, ಮಗು ಅಳ್ತಿರುವಾಗ ಹದಿನೈದು ನಿಮಿಷ ಮುಗಿಯೋದೇ ಇಲ್ಲ. ನೊರೆ ಹೋದ್ರೆ ಮತ್ತೆ ಸೋಪು, ಮತ್ತೆ ನೀರು. ಎರಡನೇ ಸಲ ಹಚ್ಚುವಾಗ ನನ್ನ ಕೈ ನಡುಗ್ತಿತ್ತು. ವೈರಸ್ಸನ್ನ ಗಾಯದಲ್ಲೇ ಕಡಿಮೆ ಮಾಡೋ ಕೆಲಸ ಅಲ್ಲೇ, ಆ ನಲ್ಲಿ ಕೆಳಗೇ ಆಗಬೇಕು. ಸುಣ್ಣ ಖಾರಪುಡಿ ಹಾಕಿದ್ರೆ ಗಾಯ ಕೆಡುತ್ತೆ ಅಷ್ಟೇ.

ಆಟೋದಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದ್ವಿ. ರಕ್ತ ಬಂದಿದ್ರಿಂದ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್, ಅಂದ್ರೆ ವೈರಸ್ ವಿರುದ್ಧ ಹೋರಾಡೋ ಸಿದ್ಧ ಪ್ರತಿಕಾಯದ ಸೂಜಿ, ಕೊಟ್ರು, ಆಮೇಲೆ ಎರಡೂ ತೋಳಿಗೆ ಲಸಿಕೆ, ಅವತ್ತು, 3ನೇ ದಿನ, 7ನೇ ದಿನ, 28ನೇ ದಿನ. ದುಡ್ಡು ತಗೊಳ್ಳಲಿಲ್ಲ. ಹುಡುಗನ ಅಪ್ಪ ಸಂಜೆ ಬಂದು, "ಬುಕ್ ತೋರಿಸ್ರೀ" ಅಂದ್ರು. ತೋರಿಸ್ದೆ. ದಿನಾಂಕ ನೋಡಿ ಅವರು ಬೈದಿದ್ದೆಲ್ಲ ಸರಿಯಾಗಿಯೇ ಇತ್ತು, ನಾನು ಎದುರು ಮಾತಾಡಲಿಲ್ಲ. ರೇಬೀಸ್ ಲಕ್ಷಣ ಒಂದ್ಸಲ ಶುರುವಾದ್ರೆ ಉಳಿಸ್ಕೊಳ್ಳೋದು ಹೆಚ್ಚುಕಮ್ಮಿ ಆಗದ ಮಾತು, ಆ ಅಪ್ಪ ಹತ್ತು ರಾತ್ರಿ ಅದನ್ನೇ ಯೋಚಿಸಿರ್ತಾರೆ.

ಹತ್ತು ಯಾಕೆ ಅಂದ್ರೆ, ಕಚ್ಚಿದ ನಾಯಿನ ಹತ್ತು ದಿನ ಕಟ್ಟಿಹಾಕಿ ನೋಡ್ಬೇಕು, ಹತ್ತು ದಿನ ಆದ್ಮೇಲೂ ಆರೋಗ್ಯವಾಗಿದ್ರೆ ಕಚ್ಚಿದಾಗ ಜೊಲ್ಲಲ್ಲಿ ರೇಬೀಸ್ ಇರಲಿಲ್ಲ ಅಂತ ಅರ್ಥ. ಆದ್ರೆ ಅದಕ್ಕೆ ಕಾಯ್ತಾ ಲಸಿಕೆ ಶುರು ಮಾಡದೇ ಇರೋದು ಮಾತ್ರ ಬೇಡ. ದಿನಾ ಸಂಜೆ ನಾನೇ ಅವರ ಮನೆ ಬಾಗಿಲಿಗೆ ಹೋಗಿ, ಊಟ ಮಾಡಿದ್ಲು, ನೀರು ಕುಡಿದ್ಲು ಅಂತ ಹೇಳಿ ಬರ್ತಿದ್ದೆ. ಸೂಜಿಗೆ ನಾಲ್ಕು ಸಲಾನೂ ಹುಡುಗನ ಜೊತೆ ನಾನೇ ಹೋದೆ.

ಆಮೇಲೆ ಗೇಟಿಗೆ ಸ್ಪ್ರಿಂಗ್ ಹಾಕಿಸ್ದೆ, ತಾನಾಗೇ ಮುಚ್ಕೊಳ್ಳುತ್ತೆ. ಊಟ ಹಿತ್ತಲಲ್ಲಿ, ಬಾಗಿಲು ಹಾಕಿ. ಲಸಿಕೆ ಈಗ ಜುಲೈ 6ಕ್ಕೇ ಫಿಕ್ಸ್, ಪ್ರಾಣಿಜನ್ಯ ರೋಗಗಳ ದಿನ ಅದು, 1885ರಲ್ಲಿ ಲೂಯಿ ಪಾಶ್ಚರ್ ನಾಯಿ ಕಚ್ಚಿದ್ದ ಒಬ್ಬ ಹುಡುಗನಿಗೆ ಮೊದಲ ರೇಬೀಸ್ ಲಸಿಕೆ ಕೊಟ್ಟ ದಿನ. ಆ ಹುಡುಗನಿಗೆ ಒಂಬತ್ತು ವರ್ಷ, ನಮ್ಮ ಪಕ್ಕದ್ಮನೆ ಹುಡುಗನಿಗೂ ಅವಾಗ ಒಂಬತ್ತೇ. ಜೂನ್ ಕೊನೇಲಿ ಅಜ್ಜಿ ಕಾಂಪೌಂಡ್ ಆಚೆಯಿಂದ, "ಸೂಜಿ ದಿನ ಬಂತಲ್ಲಪ್ಪಾ" ಅಂತ ನೆನಪು ಮಾಡ್ತಾರೆ, ಈ ಸಲ ಬಂಗುಡೆ ಬುಕ್ ಹಿಡ್ಕೊಂಡು ಮೊಮ್ಮಗನೂ ನಮ್ಮ ಜೊತೆ ಬಂದಿದ್ದ.