ಕೊಳ್ಳದೆ ಓದಿ ಹೋಗುವವರನ್ನು ಪುಸ್ತಕದಂಗಡಿಯಲ್ಲಿ ನಿಭಾಯಿಸುವ ಬಗೆ

ಪುಸ್ತಕ ಮತ್ತು ಪತ್ರಿಕೆಗಳನ್ನು ಮಾರುವವರಿಗೆ ಒಂದು ವಿಚಿತ್ರ ತೊಡಕಿದೆ. ಇಲ್ಲಿನ ಸರಕನ್ನು ಗಿರಾಕಿಯು ಹಣ ಕೊಡದೆ, ಕಪಾಟಿನ ಮುಂದೆ ನಿಂತಲ್ಲಿಯೇ ಬಳಸಿ ಮುಗಿಸಬಹುದು. ಮುಗಿಸಿದ ಮೇಲೂ ಆ ಸರಕು ಕಪಾಟಿನಲ್ಲಿಯೇ ಇರುತ್ತದೆ. ಜಪಾನೀ ಭಾಷೆಯಲ್ಲಿ ಇದಕ್ಕೆ ‘ತಾಚಿಯೋಮಿ’ ಎಂಬ ಪದವೇ ಬಳಕೆಯಲ್ಲಿದೆ, ‘ನಿಂತು ಓದುವುದು’ ಎಂದು ಅದರ ಅರ್ಥ. ಅಂಗಡಿ ತೆರೆದ ಹೊಸತರಲ್ಲಿ ಇಂಥವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು. ಹಲವು ವರ್ಷ ಗಲ್ಲಾದಲ್ಲಿ ಕುಳಿತ ಬಳಿಕ, ಓದುಗರ ಮೇಲೆ ಕಣ್ಣಿಡುವುದಕ್ಕಿಂತ ಪ್ರತಿಗಳ ಮೇಲೆ ಕಣ್ಣಿಡುವುದೇ ಲಾಭದ ಕೆಲಸವೆಂದು ಮನದಟ್ಟಾಗಿದೆ. ಮುಂದಿನ ಸಲಹೆಗಳೆಲ್ಲವೂ ಆ ತಿಳಿವಳಿಕೆಯಿಂದ ಬಂದವು.

ಮೊದಲು, ನಿಮಗೆ ನಿಜವಾಗಿ ಆಗುತ್ತಿರುವ ನಷ್ಟ ಯಾವುದೆಂದು ಗುರುತಿಸಿಕೊಳ್ಳಿ. ಯಾರೋ ಅರ್ಧ ಗಂಟೆ ಓದಿ, ಹಾಳೆ ಮುದುಡದಂತೆ ಮರಳಿ ಇಟ್ಟ ಕಾದಂಬರಿಯನ್ನು ಮುಂದಿನ ಗಿರಾಕಿ ಪೂರ್ಣ ಬೆಲೆಗೆ ಕೊಳ್ಳುತ್ತಾರೆ; ಅಲ್ಲಿ ನಿಮಗೆ ಹೋದದ್ದು ಏನೂ ಇಲ್ಲ. ನಷ್ಟವಾಗುವುದು ಪ್ರತಿ ಮಾಸಿದಾಗ, ಓಡಾಡುವ ದಾರಿ ಕಟ್ಟಿಕೊಂಡು ಕೊಳ್ಳುವವರ ಕೈ ಕಪಾಟಿಗೆ ಎಟುಕದಂತಾದಾಗ, ಇಲ್ಲವೇ ಒಂದೇ ನಿಲುವಿನಲ್ಲಿ ಸತ್ವವೆಲ್ಲ ಮುಗಿದುಹೋಗುವ ಸರಕನ್ನು ಬಿಚ್ಚಿ ಇಟ್ಟಾಗ. ಈ ಮೂರಕ್ಕೂ ಪರಿಹಾರ ಬೇರೆ ಬೇರೆಯಾದ್ದರಿಂದ ‘ಬಿಟ್ಟಿ ಓದುಗರ ಕಾಟ’ ಎಂದು ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಪ್ರತಿ ಎಷ್ಟು ಬಳಲಿದೆಯೆಂದು ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಪುಸ್ತಕವನ್ನು ಬೆನ್ನಿನ ಮೇಲೆ ಮೇಜಿನಲ್ಲಿ ನಿಲ್ಲಿಸಿ, ಎರಡೂ ಬದಿಯ ರಟ್ಟುಗಳಿಂದ ಏಕಕಾಲಕ್ಕೆ ಕೈ ಬಿಡಿ. ಹೊಸ ಪ್ರತಿಯ ಹಾಳೆಗಳು ಒಟ್ಟಾಗಿಯೇ ಉಳಿಯುತ್ತವೆ ಅಥವಾ ಎಲ್ಲೆಂದರಲ್ಲಿ ಸಡಿಲವಾಗಿ ತೆರೆದುಕೊಳ್ಳುತ್ತವೆ. ಓದಿಸಿಕೊಂಡ ಪ್ರತಿಯಾದರೆ ಪ್ರತಿ ಸಲವೂ ಅದೇ ಪುಟದಲ್ಲಿ ಬಾಯಿ ಬಿಡುತ್ತದೆ. ಬೆನ್ನಿಗೆ ಅಂಟು ಹಾಕಿ ಮಾಡಿದ ಬೈಂಡಿಂಗಿನಲ್ಲಿ, ಪುಸ್ತಕವನ್ನು ಪೂರ್ತಿ ಅಗಲಿಸಿ ಒತ್ತಿದಾಗ ಅಂಟು ಬಿರಿದು, ಬೆನ್ನಿನ ಮೇಲೆ ಉದ್ದಕ್ಕೆ ಒಂದು ಬಿಳಿಯ ಗೆರೆ ಮೂಡುತ್ತದೆ. ಆ ಗೆರೆ ಮತ್ತೆ ಹೋಗುವುದಿಲ್ಲ. ದಾರದಿಂದ ಹೊಲಿದ ಪುಸ್ತಕಗಳು ಇದಕ್ಕಿಂತ ಹೆಚ್ಚು ತಾಳಿಕೊಳ್ಳುತ್ತವೆ. ವಾರಕ್ಕೊಮ್ಮೆ ಹೆಚ್ಚು ಓದಿಸಿಕೊಳ್ಳುವ ಕಪಾಟಿನ ಪ್ರತಿಗಳನ್ನು ಹೀಗೆ ಪರೀಕ್ಷಿಸಿ, ಬಳಲಿದ್ದನ್ನು ಬೇರೆ ಮಾಡಿ. ಮಾಸಿದ ಒಂದು ಪ್ರತಿ ಸಾಲಿನಲ್ಲಿದ್ದರೆ ಗಿರಾಕಿಗಳು ಅದನ್ನು ಸರಿಸಿ ಹಿಂದಿನದನ್ನು ಎಳೆಯುತ್ತಾರೆ, ಎಳೆಯುವಾಗ ಅದರ ಮೂಲೆಯೂ ಮಡಿಯುತ್ತದೆ.

ಇನ್ನು ಸರಕನ್ನು ವಿಂಗಡಿಸುವ ಕೆಲಸ. ಈ ಇಡೀ ವ್ಯವಹಾರದಲ್ಲಿ ಅತಿ ಮುಖ್ಯವಾದದ್ದು ಇದೇ. ಪ್ರತಿಯೊಂದು ಬಗೆಯ ಪುಸ್ತಕವನ್ನೂ ಕೈಗೆತ್ತಿಕೊಂಡು, ‘ಇಪ್ಪತ್ತು ನಿಮಿಷ ನಿಂತು ಓದಿದವರಿಗೆ ಇದರಲ್ಲಿ ಮತ್ತೇನು ಉಳಿಯುತ್ತದೆ?’ ಎಂದು ಕೇಳಿಕೊಳ್ಳಿ. ದಪ್ಪ ಕಾದಂಬರಿಯಲ್ಲಿ ಬಹುಪಾಲು ಉಳಿಯುತ್ತದೆ, ಅಷ್ಟೇ ಅಲ್ಲ, ಓದಿದ ಮೊದಲ ಅಧ್ಯಾಯವೇ ಮಾರಾಟದ ಕೆಲಸ ಮಾಡುತ್ತದೆ. ನಿಘಂಟು ಮತ್ತು ಪಠ್ಯಪುಸ್ತಕಗಳನ್ನು ಜನ ಮನೆಯಲ್ಲಿಟ್ಟುಕೊಳ್ಳಲೆಂದೇ ಕೊಳ್ಳುವುದರಿಂದ ಅವುಗಳ ಚಿಂತೆ ಬೇಡ. ಚಿತ್ರಕಥೆಯ ಸಂಪುಟವಾದರೆ ನಿಂತಲ್ಲಿಯೇ ಮುಗಿಯುತ್ತದೆ. ಪತ್ರಿಕೆಯನ್ನು ಕೊಳ್ಳುವವರಲ್ಲಿ ಹಲವರಿಗೆ ಬೇಕಿರುವುದು ಅದರ ಒಂದೇ ಲೇಖನ. ಪ್ರವಾಸ ಕೈಪಿಡಿಯಿಂದ ಒಂದು ಊರಿನ ಎರಡು ಪುಟ ಸಿಕ್ಕರೆ ಸಾಕು. ಮಕ್ಕಳ ಚಿತ್ರಪುಸ್ತಕವೂ ನಿಂತಲ್ಲಿ ಮುಗಿಯುವಂಥದ್ದೇ, ಆದರೂ ನಾನು ಅದನ್ನು ಬೇರೆಯಾಗಿ ಎಣಿಸುತ್ತೇನೆ: ಮಗು ಒಮ್ಮೆ ಕೇಳಿ ಮುಗಿಸಿದ ಕಥೆಯನ್ನೇ ಮತ್ತೆ ಮತ್ತೆ ಕೇಳುತ್ತದೆ, ತಂದೆತಾಯಿಗಳು ಅದಕ್ಕಾಗಿಯೇ ಕೊಳ್ಳುತ್ತಾರೆ.

ನಿಂತಲ್ಲಿ ಮುಗಿಯುವ ಸರಕಿಗೆ ಮಾತ್ರ ಪ್ಲಾಸ್ಟಿಕ್ ಹೊದಿಕೆ ಹಾಕಿ. ಜಪಾನಿನ ಅಂಗಡಿಗಳಲ್ಲಿ ಚಿತ್ರಕಥೆಯ ಸಂಪುಟಗಳನ್ನು ಹೀಗೆ ಮುಚ್ಚಿಡುವುದು, ಪತ್ರಿಕೆಗಳಿಗೆ ದಾರವನ್ನೋ ಟೇಪನ್ನೋ ಸುತ್ತುವುದು ಸಾಮಾನ್ಯ. ಬಿಸಿಗೆ ಕುಗ್ಗುವ ತೆಳು ಹಾಳೆಯೊಳಗೆ ಪುಸ್ತಕವನ್ನಿಟ್ಟು, ಅಂಚು ಬೆಸೆದು, ಬಿಸಿಗಾಳಿ ಹಾಯಿಸಿದರೆ ಹಾಳೆ ಬಿಗಿಯಾಗುತ್ತದೆ. ಒಳಗಿನ ಗಾಳಿ ಹೊರಬರಲು ಸೂಜಿಯಷ್ಟು ರಂಧ್ರ ಬಿಡದಿದ್ದರೆ ಬಲೂನಿನಂತೆ ಉಬ್ಬುತ್ತದೆ, ಬಿಸಿ ಹೆಚ್ಚಾದರೆ ತೆಳು ರಟ್ಟು ಬಿಲ್ಲಿನಂತೆ ಬಾಗುತ್ತದೆ. ಎಲ್ಲ ಪುಸ್ತಕಗಳಿಗೂ ಹೊದಿಕೆ ಹಾಕಿ ನಿಶ್ಚಿಂತರಾಗುವ ಆಸೆ ಬೇಡ. ಪರಿವಿಡಿಯನ್ನೂ ನೋಡಲಾಗದ ಪುಸ್ತಕವನ್ನು ಗಿರಾಕಿ ಕೊಳ್ಳುವುದು ಕಡಿಮೆ, ಮತ್ತು ಹೊದಿಕೆಯನ್ನು ಉಗುರಿನಿಂದ ಹರಿದು ನೋಡುವವರು ಇದ್ದೇ ಇರುತ್ತಾರೆ.

ಹೊದಿಕೆ ಹಾಕಿದ ಪ್ರತಿಯೊಂದು ಶೀರ್ಷಿಕೆಗೂ ಒಂದು ಬಿಚ್ಚಿದ ಪ್ರತಿಯನ್ನು ಹೊರಗಿಡಿ. ಅದರ ಮುಖಪುಟದ ಮೇಲೆ ‘ಓದಿ ನೋಡಲು’ ಎಂಬ ಚೀಟಿ ಅಂಟಿಸಿ, ಒಳಗೆ ಶೀರ್ಷಿಕೆಯ ಪುಟಕ್ಕೂ ಮೊಹರು ಹಾಕಿ. ಚೀಟಿ ಉದುರಿದರೂ ಅದು ಮಾರಾಟದ ಪ್ರತಿಗಳೊಂದಿಗೆ ಬೆರೆಯಬಾರದು. ಈ ಪ್ರತಿಯ ಬೆಲೆಯನ್ನು ಪ್ರಚಾರದ ಖರ್ಚಿಗೆ ಬರೆದುಕೊಳ್ಳಿ. ನಮ್ಮಲ್ಲಿ ಒಬ್ಬರು ಸಂಜೆ ಸಂಜೆ ಬಂದು ಒಂದೇ ಕಾದಂಬರಿಯನ್ನು ಓದುತ್ತಿದ್ದರು, ಓದಿ ನಿಲ್ಲಿಸಿದಲ್ಲಿ ಒಂದು ಬೆಂಕಿಕಡ್ಡಿ ಇಟ್ಟು ಹೋಗುತ್ತಿದ್ದರು. ಕಡ್ಡಿ ದಿನವೂ ಹತ್ತಿಪ್ಪತ್ತು ಪುಟ ಮುಂದೆ ಸರಿಯುವುದನ್ನು ನಾನು ನೋಡುತ್ತಿದ್ದೆ. ಒಂದು ದಿನ ಆ ಪ್ರತಿಯನ್ನು ಉಪಾಯವಾಗಿ ಒಳಗೆ ಎತ್ತಿಟ್ಟೆ. ಅವರು ಬಂದು, ಸಾಲಿನಲ್ಲೆಲ್ಲ ಹುಡುಕಿ, ಕೊನೆಗೆ ಹೊಚ್ಚಹೊಸ ಪ್ರತಿಯನ್ನು ತೆಗೆದು, ಸರಿಯಾದ ಪುಟವನ್ನು ಕ್ಷಣದಲ್ಲಿ ತೆರೆದು, ಜೇಬಿನಿಂದ ಇನ್ನೊಂದು ಕಡ್ಡಿಯನ್ನೂ ತೆಗೆದರು. ನನ್ನ ಉಪಾಯದಿಂದ ಒಂದರ ಬದಲು ಎರಡು ಪ್ರತಿ ಮಾಸಿದವು. ‘ಓದಿ ನೋಡಲು’ ಪ್ರತಿ ಇಡಲು ಆರಂಭಿಸಿದ್ದು ಅದರ ಮರುದಿನ.

ಕುರ್ಚಿ ಹಾಕಬೇಕೇ ಬೇಡವೇ ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಜಾಗವನ್ನು ಅವಲಂಬಿಸಿದೆ. ಜರ್ಮನಿಯ ಹೂಗೆಂಡೂಬೆಲ್ ಎಂಬ ಪುಸ್ತಕ ಮಾರಾಟ ಸಂಸ್ಥೆಯು 1979ರಲ್ಲಿ ಮ್ಯೂನಿಕ್ ನಗರದ ತನ್ನ ದೊಡ್ಡ ಮಳಿಗೆಯಲ್ಲಿ ಕುಳಿತು ಓದುವ ಮೂಲೆಗಳನ್ನೇ ನಿರ್ಮಿಸಿತು. ಅಮೆರಿಕದ ಬಾರ್ನ್ಸ್ ಆ್ಯಂಡ್ ನೋಬಲ್ 1990ರ ದಶಕದಲ್ಲಿ ತನ್ನ ವಿಶಾಲ ಮಳಿಗೆಗಳಲ್ಲಿ ಕುರ್ಚಿಗಳನ್ನು ಹಾಕಿ ಕಾಫಿಯನ್ನೂ ಮಾರಿತು. ಹೆಚ್ಚು ಹೊತ್ತು ಉಳಿದವರು ಹೆಚ್ಚು ಕೊಳ್ಳುತ್ತಾರೆಂಬ ಲೆಕ್ಕಾಚಾರ ಅದರ ಹಿಂದಿತ್ತು. ಚಿಕ್ಕ ಅಂಗಡಿಯಲ್ಲಿ ಇದನ್ನು ಕಣ್ಣುಮುಚ್ಚಿ ಅನುಸರಿಸಲಾಗದು. ಒಂದೆರಡು ಕುರ್ಚಿಗಳನ್ನು ಕಾದಂಬರಿಗಳ ಬಳಿ, ದಾರಿಯಿಂದ ಒಳಗೆ ಸರಿದಂತೆ ಇಡಿ. ಪತ್ರಿಕೆಗಳ ಬಳಿ ಮಾತ್ರ ಬೇಡ. ಪತ್ರಿಕೆಗಳ ಕಪಾಟು ಬೀದಿಗೆ ಕಾಣುವ ಗಾಜಿನ ಕಿಟಕಿಯ ಪಕ್ಕದಲ್ಲಿದ್ದರೆ ಚೆನ್ನ. ಜಪಾನಿನ ಸಣ್ಣ ದಿನಬಳಕೆಯ ಅಂಗಡಿಗಳಲ್ಲಿ ಅದನ್ನು ಅಲ್ಲಿಯೇ ಇಡುವ ರೂಢಿಯಿದೆ: ನಿಂತು ಓದುವ ನಾಲ್ಕು ಜನ ಹೊರಗಿನವರಿಗೆ ಕಂಡರೆ ಅಂಗಡಿ ತುಂಬಿದಂತೆ ತೋರುತ್ತದೆ. ಹಣ ಕೊಡದೆ ಓದುವವರು ಅಷ್ಟರ ಮಟ್ಟಿಗೆ ನಿಮಗೆ ಪುಕ್ಕಟೆ ಜಾಹೀರಾತು.

ಮಾತನಾಡಲೇಬೇಕಾದ ಸಂದರ್ಭವೂ ಬರುತ್ತದೆ. ‘ಇದೇನು ಲೈಬ್ರರಿಯೇ?’ ಎಂಬ ಮಾತು ಎಂದಿಗೂ ಬಾಯಿಂದ ಬರಬಾರದು. ನಾನೊಮ್ಮೆ ಒಬ್ಬ ಹುಡುಗನಿಗೆ ಹಾಗೆ ಅಂದೆ. ಅವನು ಪುಸ್ತಕವನ್ನು ತೆಗೆದ ಜಾಗದಲ್ಲಿಯೇ ನೆಟ್ಟಗೆ ಇಟ್ಟು ಹೊರಟುಹೋದ. ಪಕ್ಕದಲ್ಲಿ ಎರಡೆರಡು ಪುಸ್ತಕ ಹಿಡಿದು ನಿಂತಿದ್ದ ದಂಪತಿ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಅವನ್ನು ಹತ್ತಿರದ ಮೇಜಿನ ಮೇಲಿಟ್ಟು ಅವನ ಹಿಂದೆಯೇ ನಡೆದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತಿರಬೇಕು ಮಾತು. ‘ಅದು ಮಾರಾಟದ ಪ್ರತಿ ಸರ್, ಓದಿ ನೋಡಲು ಬೇರೆ ಇಟ್ಟಿದ್ದೇವೆ, ಕೊಡಲೇ?’ ಎಂದರೆ ಪ್ರತಿ ಉಳಿಯುತ್ತದೆ. ‘ಇದೇ ಲೇಖಕರ ಇನ್ನೊಂದು ಬಂದಿದೆ ಮೇಡಂ, ತೋರಿಸಲೇ?’ ಎಂದರೆ ಕೆಲವರು ಕೊಳ್ಳುತ್ತಾರೆ, ಕೆಲವರು ನಕ್ಕು ಪುಸ್ತಕ ಇಡುತ್ತಾರೆ. ದಾರಿಗೆ ಅಡ್ಡವಾಗಿ ನೆಲದ ಮೇಲೆ ಕುಳಿತವರಿಗೆ ಕುರ್ಚಿ ತೋರಿಸಿದರೆ ಸಾಕು.

ಫೋನಿನಲ್ಲಿ ಪುಟಗಳ ಚಿತ್ರ ತೆಗೆಯುವವರ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ. ಅದು ಓದು ಅಲ್ಲ, ನಕಲು. ‘ದಯವಿಟ್ಟು ಒಳಪುಟಗಳ ಫೋಟೋ ತೆಗೆಯಬೇಡಿ’ ಎಂಬ ಫಲಕವನ್ನು ಪ್ರವಾಸ ಕೈಪಿಡಿ ಮತ್ತು ಅಡುಗೆ ಪುಸ್ತಕಗಳ ಕಪಾಟಿಗೆ ತೂಗುಹಾಕಿ. ಮುಖಪುಟವನ್ನೋ, ಹಿಂಬದಿಯಲ್ಲಿ ಅಚ್ಚಾಗಿರುವ, ಪುಸ್ತಕವನ್ನು ಗುರುತಿಸುವ 13 ಅಂಕಿಗಳ ಐಎಸ್‌ಬಿಎನ್ ಸಂಖ್ಯೆಯನ್ನೋ ಫೋನಿನಲ್ಲಿ ಸೆರೆಹಿಡಿಯುವವರು ಬೇರೆ ಕಡೆ ಅಗ್ಗಕ್ಕೆ ಸಿಗುತ್ತದೆಯೇ ಎಂದು ನೋಡುತ್ತಿರುತ್ತಾರೆ. ಅವರನ್ನು ತಡೆಯಲಾಗದು. ‘ಬೇಕಾದರೆ ನಾಳೆಯವರೆಗೆ ತೆಗೆದಿಟ್ಟಿರುತ್ತೇನೆ’ ಎಂದು ಹೇಳಿ ನೋಡಬಹುದು.

ಇಷ್ಟಾದ ಮೇಲೂ ಬಳಲಿದ ಪ್ರತಿಗಳು ಉಳಿಯುತ್ತವೆ. ಮಾರಾಟವಾಗದ ಪುಸ್ತಕಗಳ ವಾಪಸಾತಿಗೆ ಒಪ್ಪಿರುವ ವಿತರಕರು ಸಾಮಾನ್ಯವಾಗಿ ಮಾಸದ ಪ್ರತಿಗಳನ್ನೇ ಕೇಳುವುದರಿಂದ, ಕಟ್ಟು ಕಟ್ಟುವ ಮೊದಲು ಬೆನ್ನಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಉಳಿದವನ್ನು ಬಾಗಿಲ ಬಳಿ ಒಂದು ಪೆಟ್ಟಿಗೆಯಲ್ಲಿಟ್ಟು ರಿಯಾಯಿತಿಯಲ್ಲಿ ಮಾರಿ, ಕಾರಣವನ್ನೂ ಚೀಟಿಯಲ್ಲಿ ಬರೆಯಿರಿ: ‘ಅಂಗಡಿಯಲ್ಲಿ ಹಲವರು ಓದಿದ ಪ್ರತಿ’. ನಮ್ಮ ಪೆಟ್ಟಿಗೆಯಲ್ಲಿ ಇಂಥ ಚೀಟಿಯಿರುವ ಪುಸ್ತಕಗಳೇ ಮೊದಲು ಖಾಲಿಯಾಗುತ್ತವೆ.