ಪಡಿಯಚ್ಚಿಗೆ ಸಿಗದ ಅಕ್ಷರ ಟಾರ್ಚ್ ಬೆಳಕಿಗೆ ಸಿಕ್ಕಿತು: ನನ್ನ ಅನುಭವ

ಕೋಲಾರ ಸೀಮೆಯಲ್ಲಿ ಶಾಸನ ಓದುವವರಿಗೆ ನಮ್ಮ ಕಲ್ಲಿನ ಕಷ್ಟ ಗೊತ್ತೇ ಇದೆ. ಬೇಲೂರು, ಹಳೇಬೀಡಿನ ಕಡೆ ಬಳಪದ ಕಲ್ಲು. ಎಂಟುನೂರು ವರ್ಷ ಆದರೂ ಅಕ್ಷರ ನಿನ್ನೆ ಕೊರೆದ ಹಾಗೆ ಇರುತ್ತದೆ. ನಮ್ಮದು ದಪ್ಪ ಹರಳಿನ ಕಲ್ಲು. ಮಳೆ ಬಿಸಿಲಿಗೆ ಮೇಲಿನ ಪದರ ಉದುರಿ, ಅಕ್ಷರದ ಆಳ ಒಂದು ಮಿಲಿಮೀಟರ್ ಉಳಿದಿದ್ದರೆ ಜಾಸ್ತಿ. ಅದರ ಮೇಲೆ ಒದ್ದೆ ಕಾಗದ ಬಡಿದು ಮಸಿ ಹಚ್ಚಿ ಪಡಿಯಚ್ಚು ತೆಗೆದರೆ ಹರಳು ಯಾವುದು, ಅಕ್ಷರ ಯಾವುದು ತಿಳಿಯುವುದೇ ಇಲ್ಲ. ಬಿ.ಎಲ್. ರೈಸ್ ಸಾಹೇಬರು ಸಂಪಾದಿಸಿದ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೇ ಸಂಪುಟ, 1905ರದು, ತೆಗೆದು ನೋಡಿ. ಕೆರೆ ಶಾಸನಗಳಲ್ಲಿ ಬಿತ್ತುವಟ್ಟ (ಕೆರೆ ಕಟ್ಟಿಸಿದವರಿಗೆ ಬಿಟ್ಟ ಜಮೀನು) ಎಷ್ಟು, ಯಾವ ತೂಬಿನ ಕೆಳಗೆ ಎಂದು ಹೇಳುವ ಜಾಗಕ್ಕೆ ಬಂದಾಗ ಎಷ್ಟೋ ಕಡೆ ಬರೀ ಚುಕ್ಕಿಗಳು. ಆ ಚುಕ್ಕಿ ತುಂಬುವ ಕೆಲಸಕ್ಕೆ ಬಿದ್ದು ನನಗೆ ನಾಲ್ಕೈದು ವರ್ಷ ಆಯಿತು.

ದಾರಿ ಹೊಸದೇನಲ್ಲ. ಕ್ಯಾಮೆರಾ ಅಲುಗಾಡದೆ ನಿಲ್ಲಬೇಕು. ಕಲ್ಲಿನ ಪಕ್ಕ ಒಂದು ಹೊಳೆಯುವ ಕಪ್ಪು ಚೆಂಡು ಇರಬೇಕು. ಬೆಳಕನ್ನು ಮಾತ್ರ ಸುತ್ತಲೂ ತಿರುಗಿಸುತ್ತಾ ಐವತ್ತರ ಹತ್ತಿರ ಫೋಟೊ ತೆಗೆಯಬೇಕು. ಚೆಂಡಿನ ಮೇಲೆ ಮಿನುಗುವ ಚುಕ್ಕೆ ನೋಡಿ ಬೆಳಕು ಎಲ್ಲಿಂದ ಬಂತು ಎಂದು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ. ಆಮೇಲೆ ಮನೆಯಲ್ಲಿ ಕೂತು ಮೌಸ್‌ನಿಂದ ಬೆಳಕನ್ನು ಬೇಕಾದ ಕಡೆ ಬೀಳಿಸಿಕೊಂಡು ಓದಬಹುದು. ಎಚ್‌ಪಿ ಲ್ಯಾಬಿನ ಟಾಮ್ ಮಾಲ್ಜ್‌ಬೆಂಡರ್ ಮತ್ತು ಜೊತೆಗಾರರು 2001ರಲ್ಲಿ ಇದರ ಮೂಲ ವಿಧಾನ ಪ್ರಕಟಿಸಿದರು. 2005ರಲ್ಲಿ ಇದೇ ವಿಧಾನದಿಂದ ಪ್ರಾಚೀನ ಗ್ರೀಸಿನ ಆಂಟಿಕಿತೆರಾ ಯಂತ್ರದ ತುಕ್ಕು ಹಿಡಿದ ತುಂಡುಗಳ ಮೇಲಿನ ಬರಹ ನೋಡಿದರು. ಇದಕ್ಕೆ ಆರ್‌ಟಿಐ, ಅಂದರೆ ರಿಫ್ಲೆಕ್ಟೆನ್ಸ್ ಟ್ರಾನ್ಸ್‌ಫರ್ಮೇಶನ್ ಇಮೇಜಿಂಗ್, ಅನ್ನುತ್ತಾರೆ. ಪಂಚಾಯಿತಿಗೆ ಬರೆಯುವ ಅರ್ಜಿಯಲ್ಲಿ ಮಾತ್ರ ಈ ಹೆಸರು ಹಾಕಬೇಡಿ. ಮಾಹಿತಿ ಹಕ್ಕಿನ ಅರ್ಜಿ ಅಂದುಕೊಂಡು ಫೈಲು ಬೇರೆ ಮೇಜಿಗೆ ಹೋಗುತ್ತದೆ. ‘ಶಾಸನದ ಫೋಟೊ’ ಎಂದು ಬರೆದರೆ ಸಾಕು.

ನಾನು ಇದನ್ನು ಮೊದಲು ಒಂದು ವಿಚಾರ ಸಂಕಿರಣದಲ್ಲಿ ಹೇಳಿದಾಗ ಹಿರಿಯರೊಬ್ಬರು, ‘ಮೇಷ್ಟ್ರೇ, ಶಾಸನ ಓದೋದು ಕೈಬೆರಳಿಂದ, ಟಾರ್ಚಿಂದ ಅಲ್ಲ’ ಎಂದರು. ಸಭೆ ಚಪ್ಪಾಳೆ ತಟ್ಟಿತು. ಅವರು ನೂರಾರು ಕಲ್ಲು ಓದಿದವರು. ಬೆರಳಿನ ಬಗ್ಗೆ ಅವರು ಹೇಳಿದ್ದು ನಿಜವೇ. ಆದರೆ ಸವೆದ ನಮ್ಮ ಕಲ್ಲಿನ ಮೇಲೆ ಬೆರಳಿಗೂ ಹರಳೇ ತಾಗುತ್ತದೆ. ಧನಸಹಾಯಕ್ಕೆ ಅರ್ಜಿ ಹಾಕಿದ ಕಡೆಯಲ್ಲೂ ಆಗಲಿಲ್ಲ. ಗುಮ್ಮಟದ ತರ ದೀಪ ಜೋಡಿಸಿದ ಯಂತ್ರಕ್ಕೆ ಮೂರು ಕೊಟೇಶನ್ ತನ್ನಿ ಎಂದರು. ಲಕ್ಷಗಟ್ಟಲೆ ಬೆಲೆಯ ಆ ಯಂತ್ರದೊಳಗೆ ಹಿಡಿಯುವುದು ತಟ್ಟೆ ಗಾತ್ರದ ವಸ್ತು. ನಮ್ಮ ಕಲ್ಲು ನಾಲ್ಕಡಿ, ಐದಡಿ. ಹಾಗಾಗಿ ಸ್ವಂತ ದುಡ್ಡು ಹಾಕಿದೆ.

ಎಸ್‌.ಪಿ. ರಸ್ತೆಯಲ್ಲಿ ಹುಡುಕಿ ಹಳೆಯ 24 ಮೆಗಾಪಿಕ್ಸೆಲ್ ಡಿಎಸ್‌ಎಲ್‌ಆರ್ ತಂದೆ. ಲೆನ್ಸ್ ಸೇರಿ 18 ಸಾವಿರದ ಸುಮಾರು. ಟ್ರೈಪಾಡ್ ಮೊದಲು ಸಾವಿರದ ಒಳಗಿನದು ತಂದಿದ್ದೆ, ಅದು ದಂಡ. ಗಾಳಿಗೆ ನಡುಗುತ್ತಿತ್ತು. ಎರಡನೆಯದಕ್ಕೆ ಆರು ಸಾವಿರ ಬಿತ್ತು. ಟಾರ್ಚ್, ಬ್ಯಾಟರಿ, ದೂರದಿಂದ ಕ್ಲಿಕ್ ಮಾಡುವ ರಿಮೋಟ್, ಹಗ್ಗ, ಕಬ್ಬಿಣದ ಸರಳು ಎಲ್ಲಾ ಸೇರಿ ನಾಲ್ಕು ಸಾವಿರ ಇರಬಹುದು. ಚೆಂಡಿಗೇ ಹೆಚ್ಚು ಅಲೆದೆ. ಗೋಲಿ ಫೋಟೊದಲ್ಲಿ ತೀರಾ ಚಿಕ್ಕದಾಯಿತು. ಲಾರಿ ಬೇರಿಂಗಿನ ಉಕ್ಕಿನ ಗುಂಡಿನಲ್ಲಿ ಆಕಾಶ, ನಾನು, ಬೈಕು ಎಲ್ಲಾ ಕಾಣಿಸಿ ಸಾಫ್ಟ್‌ವೇರ್‌ಗೆ ಗುಂಡಿನ ಅಂಚೇ ಸಿಗಲಿಲ್ಲ. ಮರದ ಬುಗುರಿಗೆ ಕಪ್ಪು ಬಣ್ಣ ಹೊಡೆಸಿದೆ, ಅದು ಸರಿಯಾದ ಗುಂಡಗೆ ಇರಲಿಲ್ಲ. ಕೊನೆಗೆ ಸ್ನೂಕರ್ ಆಟದ ಕಪ್ಪು ಚೆಂಡು, ಎರಡು ಇಂಚಿನದು, ಮುನ್ನೂರು ರೂಪಾಯಿ ಚಿಲ್ಲರೆಗೆ ಸಿಕ್ಕಿತು. ಫೋಟೊದಲ್ಲಿ ಚೆಂಡಿನ ಅಗಲ 200ರಿಂದ 250 ಪಿಕ್ಸೆಲ್ ಬಂದರೆ ಲೆಕ್ಕ ಸರಿ ಕೂರುತ್ತದೆ. ನಾಲ್ಕಡಿ ಕಲ್ಲಿಗೆ ಈ ಚೆಂಡು ಸರಿ. ಐದಡಿ ದಾಟಿದರೆ ಕಲ್ಲನ್ನು ಎರಡು ಭಾಗ ಮಾಡಿಕೊಂಡು ತೆಗೆಯುತ್ತೇನೆ.

ಮೊದಲ ವರ್ಷ ಒಂದೂ ಕಲ್ಲು ಕೈಗೆ ಹತ್ತಲಿಲ್ಲ. ಮೊಬೈಲ್‌ನಲ್ಲಿ ಮಾಡಲು ಹೋದರೆ ಅದು ಪ್ರತಿ ಸಲವೂ ಬೆಳಕನ್ನೂ ಫೋಕಸ್ಸನ್ನೂ ತಾನೇ ಬದಲಾಯಿಸುತ್ತದೆ. ಫೋಟೊಗಳು ಒಂದರ ಮೇಲೊಂದು ಕೂರುವುದಿಲ್ಲ. ಕ್ಯಾಮೆರಾ ಬಂದ ಮೇಲೆ ಕೆರೆ ಏರಿಯ ಮಣ್ಣಿನಲ್ಲಿ ಟ್ರೈಪಾಡಿನ ಕಾಲು ಮೆಲ್ಲಗೆ ಇಳಿಯುತ್ತಿತ್ತು. ಕಣ್ಣಿಗೆ ಗೊತ್ತಾಗದು. ಆದರೆ ಮೊದಲ ಫೋಟೊಗೂ ಕೊನೆಯದಕ್ಕೂ ನಾಲ್ಕು ಪಿಕ್ಸೆಲ್ ವ್ಯತ್ಯಾಸ ಬಂದರೆ ಅಕ್ಷರದ ಅಂಚು ಕದಡಿತು ಅಂತಲೇ ಲೆಕ್ಕ. ಈಗ ಮೂರು ಕಾಲಿಗೂ ಇಟ್ಟಿಗೆ, ನಡುವೆ ಮರಳಿನ ಚೀಲ.

ಕಾಲದ ಲೆಕ್ಕ ಇದಕ್ಕಿಂತ ದೊಡ್ಡದು. ಮಳೆಗಾಲದಲ್ಲಿ ಟಾರ್ಚ್ ಹಚ್ಚಿದರೆ ರೆಕ್ಕೆ ಹುಳ ಬಂದು ಕಲ್ಲಿನ ಮೇಲೂ ಚೆಂಡಿನ ಮೇಲೂ ಕೂರುತ್ತವೆ. ರೆಕ್ಕೆ ಹೊಳೆದರೆ ಸಾಫ್ಟ್‌ವೇರ್ ಅದನ್ನೇ ದೀಪ ಅಂದುಕೊಳ್ಳುತ್ತದೆ. ಧನುರ್ಮಾಸದಲ್ಲಿ ಹುಳ ಇಲ್ಲ, ಆದರೆ ಇಬ್ಬನಿ. ಕಲ್ಲು ತೇವವಾದರೆ ಮೈಯೆಲ್ಲಾ ಮಿರಿಮಿರಿ. ಶಿವರಾತ್ರಿಯಿಂದ ಯುಗಾದಿವರೆಗೆ, ಅಮಾವಾಸ್ಯೆಯ ಆಚೀಚೆ, ಸಂಜೆ ಏಳೂವರೆಯಿಂದ ಹತ್ತರವರೆಗೆ. ಕೋಲಾರದಲ್ಲಿ ಕೆಲಸ ಆಗುವ ಹೊತ್ತು ಇಷ್ಟೇ. ಹಗಲಲ್ಲಿ ಜೋರು ಫ್ಲ್ಯಾಶ್ ಇಟ್ಟು ಮಾಡುವವರೂ ಇದ್ದಾರೆ. ಅದಕ್ಕೆ ಬೇಕಾಗುವ ಫ್ಲ್ಯಾಶಿನ ದುಡ್ಡಿಗೆ ನನ್ನ ಎರಡು ವರ್ಷದ ಪೆಟ್ರೋಲ್ ಬರುತ್ತದೆ.

ರಾತ್ರಿ ಕೆಲಸ ಅಂದಮೇಲೆ ನಿಧಿಯ ಮಾತು ಬಂದೇ ಬರುತ್ತದೆ. ಅಮಾವಾಸ್ಯೆ, ಟಾರ್ಚು, ಹಗ್ಗ, ಹಳೆಯ ಕಲ್ಲು. ಯಾರಿಗಾದರೂ ಅನುಮಾನ ಬರದೆ ಇರುತ್ತದಾ? ಮುಳಬಾಗಿಲು ಕಡೆಯ ಒಂದೂರಲ್ಲಿ ಹತ್ತಿಪ್ಪತ್ತು ಜನ ಸುತ್ತುವರಿದು, ‘ಏನ್ ಸಾರ್, ಕಲ್ಲು ಕೀಳಕ್ಕೆ ಬಂದಿದೀರಾ?’ ಎಂದು ಕ್ಯಾಮೆರಾ ಕಿತ್ತಿಟ್ಟುಕೊಂಡರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಧಿಗಳ್ಳರು ಒಡೆದು ಹಾಕಿದ ವೀರಗಲ್ಲುಗಳನ್ನು ನಾನೇ ನೋಡಿದ್ದೇನೆ. ಆಮೇಲಿಂದ ಮೊದಲು ಹಗಲಲ್ಲಿ ಹೋಗುತ್ತೇನೆ. ಪಂಚಾಯಿತಿಯಿಂದ ಒಂದು ಪತ್ರ, ಬೀಟ್ ಪೊಲೀಸರಿಗೆ ಒಂದು ಫೋನು, ಊರ ಯಜಮಾನರ ಜೊತೆ ಒಂದು ಟೀ. ರಾತ್ರಿ ಊರಿನ ಹುಡುಗರ ಕೈಗೇ ಟಾರ್ಚ್ ಕೊಡುತ್ತೇನೆ. ಹುಡುಗರು ಕೋನ ಹಿಡಿಯುವುದರಲ್ಲಿ ನನಗಿಂತ ಚುರುಕು.

ಬೆಳಕಿನ ದೂರ ಕಲ್ಲಿನ ಕರ್ಣದ ಮೂರು ಪಟ್ಟು. ಹಗ್ಗಕ್ಕೆ ಗಂಟು ಹಾಕಿ ಅಳೆದು, ಕ್ಲಿಕ್ಕಿಗೆ ಮುಂಚೆ ಹಗ್ಗ ಎಳೆದುಕೊಳ್ಳಬೇಕು. ಬೆಳಕಿನ ಕೋನ 15 ಡಿಗ್ರಿಯಿಂದ 65ರವರೆಗೆ ಎಂದು ಕೈಪಿಡಿಗಳಲ್ಲಿ ಇದೆ. ನಮ್ಮ ಹರಳು ಕಲ್ಲಿಗೆ ಕೆಳಗಿನ ಕೋನದಲ್ಲಿ ಎಷ್ಟು ಫೋಟೊ, ಮೇಲಿನದರಲ್ಲಿ ಎಷ್ಟು ಅನ್ನುವ ಪಾಲು ಬೇರೆಯೇ. ಗುಟ್ಟು ಇರುವುದು ಅಲ್ಲೇ. ನನ್ನ ಸಂಶೋಧನಾ ಲೇಖನ ಅಚ್ಚಾಗುವವರೆಗೆ ಆ ಪಾಲನ್ನು ನಾನು ಬರೆಯುವುದಿಲ್ಲ. ಕಲ್ಲುಹೂ ಬೆಳೆದ ಕಲ್ಲಿಗೆ ನಾನು ಮಾಡುವ ಉಪಾಯವೂ ಅಷ್ಟೇ. ಕೆರೆದು ತೆಗೆಯುವುದಿಲ್ಲ, ಆಸಿಡ್ ಮುಟ್ಟಿಸುವುದಿಲ್ಲ ಎಂದಷ್ಟೇ ಹೇಳಬಲ್ಲೆ. ಎಣ್ಣೆ, ಅರಿಶಿನ ಹಚ್ಚಿದ ಕಲ್ಲಾದರೂ ಓದಬಹುದು. ಎನಾಮಲ್ ಪೇಂಟ್ ಬಳಿದ ಕಲ್ಲು ಮಾತ್ರ ಹೋಯಿತು ಅಂತಲೇ.

ಸಾಫ್ಟ್‌ವೇರ್‌ಗೆ ದುಡ್ಡು ಬೇಡ. ಆರ್‌ಟಿಐ ಬಿಲ್ಡರ್ ಪುಕ್ಕಟೆ. ಫೋಲ್ಡರ್ ಹೆಸರಲ್ಲಿ ಖಾಲಿ ಜಾಗ ಬಿಟ್ಟರೆ ಅರ್ಧಕ್ಕೆ ನಿಲ್ಲುತ್ತದೆ, ಯಾಕೆ ಅಂತಲೂ ಹೇಳುವುದಿಲ್ಲ. ನನಗೆ ಅದರಲ್ಲೇ ಒಂದು ತಿಂಗಳು ಹೋಯಿತು. ಇಟಲಿಯ ಪೀಸಾದವರ ರೀಲೈಟ್ ಈಚಿನದು, ವೇಗವೂ ಹೌದು. ಈಗ ಎಲ್ಲಾ ಅದರಲ್ಲೇ.

ಫಲ ಏನು ಎಂದರೆ, ಒಂದು ಕಲ್ಲಿನ ಕಥೆ ಹೇಳುತ್ತೇನೆ. ಊರ ಹೆಸರು ಈಗ ಬೇಡ. ಕೆರೆ ಏರಿಯ ಮೇಲಿನ ಕಲ್ಲು. ಅಚ್ಚಾದ ಪಾಠದಲ್ಲಿ ಬಿತ್ತುವಟ್ಟದ ಸಾಲಿಗೆ ಚುಕ್ಕಿ. ಆ ಚುಕ್ಕಿಯ ಜಾಗದಲ್ಲಿ ‘ಮೂಡಣ’ ಇರಬೇಕು ಎಂದು ಆಮೇಲೆ ಓದಿದವರೆಲ್ಲಾ ಊಹಿಸಿದ್ದರು. ಈಗಿನ ತೂಬು ಇರುವುದು ಮೂಡಣ ತುದಿಯಲ್ಲಿ, ಹಾಗಾಗಿ ಊಹೆ ಸಹಜವೇ. ನಾನು ಬೆಳಕನ್ನು ಎಡಗಡೆಯಿಂದ ತೀರಾ ಕೆಳಕ್ಕೆ ತಂದಾಗ ಅಲ್ಲಿ ಮೂರಲ್ಲ, ನಾಲ್ಕು ಅಕ್ಷರದ ಜಾಗ ಕಂಡಿತು. ಕೊನೆಯ ‘ಣ’ ಚೆನ್ನಾಗಿತ್ತು. ಅದರ ಹಿಂದೆ ‘ವ’. ಅದಕ್ಕೂ ಹಿಂದೆ ‘ಡು’ವಿನ ಕೊಂಬು. ‘ಪಡುವಣ ತೂಂಬಿನ ಕೆಳಗೆ’. ಮಾರನೆಯ ಭಾನುವಾರ ಏರಿಯ ಪಡುವಣ ತುದಿಗೆ ಹೋದೆವು. ಎದೆಮಟ್ಟ ಬಳ್ಳಾರಿ ಜಾಲಿ. ಸವರಿ ನೋಡಿದರೆ ತೂಬಿನ ಎರಡು ಕಂಬ, ಅಡ್ಡಪಟ್ಟಿ ಸಮೇತ, ಹೂಳಿನಲ್ಲಿ ಕುತ್ತಿಗೆವರೆಗೆ ಹೂತಿದ್ದವು. ಸರ್ವೆ ನಕ್ಷೆ ತೋರಿಸುವ ದಿಶಾಂಕ್ ಆ್ಯಪಿನಲ್ಲಿ ಅದರ ಕೆಳಗಿನ ಸರ್ವೆ ನಂಬರ್‌ಗಳನ್ನು ತೆಗೆದೆ. ಈಗಲೂ ಒಂದು ತುಂಡು ಹಳೇ ಗದ್ದೆ ಬಯಲಿನ ಆಕಾರದಲ್ಲೇ ಇದೆ. ಸಂಕಿರಣದ ಆ ಹಿರಿಯರಿಗೆ ಫೈಲು ಕಳಿಸಿದೆ. ಅವರು ಮೌಸ್ ಹಿಡಿದು ತಾವೇ ಬೆಳಕು ತಿರುಗಿಸಿ, ಎರಡು ಅಕ್ಷರ ಬಿಟ್ಟು ಉಳಿದದ್ದಕ್ಕೆ ಒಪ್ಪಿದರು. ನನಗೆ ಅದು ಪ್ರಶಸ್ತಿಗಿಂತ ದೊಡ್ಡದು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ನೂರಾರು ಫೋಟೊ ಸೇರಿಸಿ 3ಡಿ ಮಾಡುವ ಮೆಶ್‌ರೂಮ್ ಹಾಕಿ ನೋಡಿದೆ. ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕಾಯಿತು, ಸ್ನೇಹಿತರ ಮಗನದನ್ನು ರಾತ್ರಿಯಿಡೀ ಓಡಿಸಿದೆ. ಕಲ್ಲಿನ ಆಕಾರ ಚಂದ ಬಂತು. ಆದರೆ ಅಕ್ಷರದ ಆಳದಷ್ಟೇ ಏರಿಳಿತ ಲೆಕ್ಕದ ತಪ್ಪಿನಲ್ಲೂ ಇತ್ತು. ವೀರಗಲ್ಲಿನ ಶಿಲ್ಪಕ್ಕೆ ಅದು ಒಳ್ಳೆಯದು, ಸವೆದ ಬರಹಕ್ಕೆ ಆಗದು. ಕಾಲ ಬರೆದಿರುವ ಶಾಸನಗಳ ಅಕ್ಷರ ಅಳೆದು, ಕಾಲ ಬರೆಯದ ಶಾಸನದ ಶತಮಾನ ಹೇಳಬಹುದಾ ಎಂದು ಎಕ್ಸೆಲ್‌ನಲ್ಲಿ ಒಂದು ಬೇಸಿಗೆ ಕಳೆದೆ. ಗಂಗರ, ನೊಳಂಬರ ಕಾಲದ್ದೂ ವಿಜಯನಗರದ್ದೂ ಬೇರೆ ಬೇರೆ ಬಿದ್ದವು. ಅದು ಕಣ್ಣಿಗೇ ಗೊತ್ತಾಗುತ್ತದೆ, ಎಕ್ಸೆಲ್ ಯಾಕೆ ಬೇಕು? ನಡುವಿನ ಶತಮಾನಗಳು ಒಂದರೊಳಗೊಂದು ಬೆರೆತು ಹೋದವು. ಇನ್ನೂ ನೂರಿನ್ನೂರು ಮಾದರಿ ಸಿಕ್ಕರೆ ಮತ್ತೆ ಕೂರುತ್ತೇನೆ.

ಎಐಗೆ ಫೋಟೊ ಕೊಟ್ಟು ಓದಿಸಿದವರು ನನ್ನ ಬಳಿ ಬರುತ್ತಾರೆ. ನಾನೂ ಮಾಡಿ ನೋಡಿದೆ. ಕಲ್ಲಿನಲ್ಲಿ ಇಲ್ಲದ ರಾಜನ ಬಿರುದುಗಳನ್ನು ಸರಾಗವಾಗಿ ಬರೆದುಕೊಟ್ಟಿತು. ಅದನ್ನು ನಂಬಿ ಯಾರೂ ಪಾಠ ಪ್ರಕಟಿಸಬೇಡಿ, ಕೈಮುಗಿದು ಕೇಳುತ್ತೇನೆ. ಗ್ರೀಕ್ ಶಾಸನಗಳಿಗೆ ಗೂಗಲ್‌ನ ಡೀಪ್‌ಮೈಂಡ್‌ನವರು ಮಾಡಿದ ಇಥಾಕಾ ಎಂಬ ಎಐ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಬಿಟ್ಟುಹೋದ ಅಕ್ಷರ ತುಂಬುವುದರಲ್ಲಿ ಇತಿಹಾಸಕಾರರು ತಾವೇ ಮಾಡಿದರೆ ನೂರಕ್ಕೆ 25 ಸರಿ, ಇಥಾಕಾ ಜೊತೆಗಿದ್ದರೆ 72. ಆದರೆ ಅದಕ್ಕೆ ಕಲಿಸಲು 78 ಸಾವಿರಕ್ಕೂ ಜಾಸ್ತಿ ಶಾಸನಗಳ ಪಾಠ ಕಂಪ್ಯೂಟರಿನಲ್ಲಿ ಸಿದ್ಧವಿತ್ತು. ನಮ್ಮಲ್ಲಿ ರೈಸ್ ಒಬ್ಬರೇ ಒಂಬತ್ತು ಸಾವಿರದ ಹತ್ತಿರ ಶಾಸನ ಅಚ್ಚು ಹಾಕಿಸಿದರು. ಅವನ್ನು ಸ್ಕ್ಯಾನ್ ಮಾಡಿ ಅಕ್ಷರ ತೆಗೆಸಿದರೆ ಹಳಗನ್ನಡದ ಱ ಮತ್ತು ೞ ಬಂದ ಕಡೆಯೆಲ್ಲಾ ಕಸ. ‘ಕೆರೆ’ ಎಂದು ಹುಡುಕಿದರೆ ‘ಕೆಱೆ’ ಸಿಗುವುದಿಲ್ಲ. ಮುಳಬಾಗಿಲು ತಾಲ್ಲೂಕಿನ ಪಾಠಗಳನ್ನು ನಾನು ಕೈಯಲ್ಲೇ ಟೈಪ್ ಮಾಡುತ್ತಿದ್ದೇನೆ, ಅರ್ಧ ದಾಟಿದೆ. ಈ ಕೆಲಸ ಮುಗಿಯದೆ ಕನ್ನಡಕ್ಕೆ ಇಥಾಕಾ ಬರುವುದಿಲ್ಲ.

ನನಗೆ ಅವಸರ ಇರುವುದು ನೀರಿನಿಂದ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಶುದ್ಧೀಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಲಕ್ಷ್ಮೀಸಾಗರ ಕೆರೆಯಿಂದ ಶುರುವಾಗಿ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದೆ. ಆ ನೀರಿನ ಗುಣದ ಬಗ್ಗೆ ಜಗಳ ಬೇರೆ ಇದೆ, ನಾನು ಅದರ ಪಂಡಿತನಲ್ಲ. ಆದರೆ ಎಷ್ಟೋ ವರ್ಷ ಬತ್ತಿದ್ದ ಕೆರೆ ತುಂಬಿದರೆ ಅಂಗಳದ ಕಲ್ಲು, ತೂಬಿನ ಕಂಬದ ಬರಹ ನೀರೊಳಗೆ ಹೋಗುತ್ತದೆ. ನಾನು ಗುರುತು ಹಾಕಿಟ್ಟಿದ್ದ ಎರಡು ಕಲ್ಲು ಹೀಗೇ ಮುಳುಗಿವೆ. ಬೇತಮಂಗಲದ ಕೆರೆ, ಹಿಂದಿನ ವಿಜಯಾದಿತ್ಯಮಂಗಲದ್ದು, ಒಡೆದಾಗ 10ನೇ ಶತಮಾನದಲ್ಲಿ ಇರಿವ ನೊಳಂಬ ಎಂಬ ರಾಜ ಮತ್ತೆ ಕಟ್ಟಿಸಿದ. ಆವನಿಯಲ್ಲಿ ತ್ರಿಭುವನಕರ್ತಾರ ಎಂಬ ಗುರು 50 ದೇವಾಲಯಗಳ ಜೊತೆ ಎರಡು ದೊಡ್ಡ ಕೆರೆ ಕಟ್ಟಿಸಿದ. ಇದೆಲ್ಲಾ ನಮಗೆ ಗೊತ್ತಿರುವುದು ಕಲ್ಲು ಓದಲು ಸಿಕ್ಕಿದ್ದರಿಂದ. ಹೆಸರಿಲ್ಲದ ಸಣ್ಣ ಕೆರೆ ಕಟ್ಟಿದ ಗೌಡನೊಬ್ಬನ ಕಲ್ಲಿಗೂ ಅದೇ ಹಕ್ಕಿದೆ ಅಲ್ವಾ?

ಒಟ್ಟು ಸಾಮಾನಿಗೆ ಬಿದ್ದದ್ದು 30 ಸಾವಿರದ ಆಸುಪಾಸು, ದಂಡ ಆದದ್ದೂ ಸೇರಿ. ಈಗ ಒಂದು ಕಲ್ಲಿಗೆ ಪೆಟ್ರೋಲು, ಟೀ, ಹುಡುಗರಿಗೆ ಬೋಂಡ ಎಂದು ಮುನ್ನೂರು ನಾನ್ನೂರು. ಮುಂದಿನ ಶಿವರಾತ್ರಿ ಕಳೆದ ಮೇಲೆ ಚಿಂತಾಮಣಿ, ಶ್ರೀನಿವಾಸಪುರದ ಕಡೆ ಹೋಗುತ್ತೇನೆ. ಪಡಿಯಚ್ಚು ತೆಗೆಯುವವರು ಒಬ್ಬರು ಜೊತೆಗೆ ಬಂದರೆ ಒಂದೇ ಕಲ್ಲಿಗೆ ಎರಡೂ ಮಾಡಿ ಪಕ್ಕಪಕ್ಕ ಇಟ್ಟು ನೋಡಬಹುದು. ಕಾಗದ, ಮಸಿಯ ಖರ್ಚು ನನ್ನದು.