ಯುದ್ಧ ಹನ್ನೊಂದೇ ಪುಟ, ಉಳಿದದ್ದೆಲ್ಲ ಕುದುರೆ

ನನ್ನ ಕಾದಂಬರಿಯ ಎರಡನೇ ಮುದ್ರಣ ಹೋದ ತಿಂಗಳು ಬಂತು. ಮೊದಲ 500 ಪ್ರತಿ ಮುಗಿಯಲು ಹದಿನಾಲ್ಕು ತಿಂಗಳು ಹಿಡಿಯಿತು. ಹದಿನೈದು ಹದಿನಾರರ ವಯಸ್ಸಿನವರಿಗಾಗಿ ಕನ್ನಡದಲ್ಲಿ ಬರೆಯುವವರಿಗೆ ಇದೇನು ಸಣ್ಣ ಮಾತಲ್ಲ ಅಂತ ಗೊತ್ತು. ಹಸ್ತಪ್ರತಿ ನೋಡಿದ ಮೂವರು ಪ್ರಕಾಶಕರಲ್ಲಿ ಒಬ್ಬರು, 'ಮಕ್ಕಳದ್ದೂ ಅಲ್ಲ, ದೊಡ್ಡವರದ್ದೂ ಅಲ್ಲ, ಯಾವ ಕಪಾಟಲ್ಲಿ ಇಡೋಣ ಸಾರ್?' ಅಂದರು. ಇನ್ನೊಬ್ಬರು ಯುದ್ಧದ ಪುಟ ಜಾಸ್ತಿ ಮಾಡಿ ಅಂದರು. ನಾನು ಕಮ್ಮಿ ಮಾಡಿದೆ. ಗೆದ್ದದ್ದು ಅಲ್ಲೇ.

ಕಥೆ ಮೈಸೂರು ಲ್ಯಾನ್ಸರ್ಸ್‌ದು, ಅಂದರೆ ಮೊದಲ ಮಹಾಯುದ್ಧಕ್ಕೆ ಹೋದ ಮೈಸೂರು ಸಂಸ್ಥಾನದ ಭರ್ಜಿ ಹಿಡಿದ ಕುದುರೆ ಪಡೆಯದು. 1914ರಲ್ಲಿ ಸುಳ್ಳು ವಯಸ್ಸು ಹೇಳಿ ಸೇರಿದ ಹದಿನೈದರ ಹುಡುಗ. ಈಜಿಪ್ಟಿಗೆ ಹೋಗುತ್ತಾನೆ, ಸುಯೆಜ್ ಕಾಲುವೆ ಕಾಯುತ್ತಾನೆ, ನಾಲ್ಕು ವರ್ಷದ ನಂತರ ತುರ್ಕರ ಕೈಯಲ್ಲಿದ್ದ ಹೈಫಾ (ಈಗಿನ ಇಸ್ರೇಲಿನ ಬಂದರು) ತಲುಪುತ್ತಾನೆ. ಹುಡುಗ ನನ್ನ ಕಲ್ಪನೆ, ರೆಜಿಮೆಂಟು ನಿಜ.

ಮೊದಲ ಕರಡು ಸುಮಾರು 240 ಪುಟ. ಶುರುವೇ ಹೈಫಾ. 1918ರ ಸೆಪ್ಟೆಂಬರ್ 23, ಮಷಿನ್‌ಗನ್ ಸದ್ದು, ಕಾರ್ಮೆಲ್ ಬೆಟ್ಟಕ್ಕೂ ಕಿಷೋನ್ ಹೊಳೆಗೂ ನಡುವೆ ನುಗ್ಗುವ ಜೋಧಪುರದ ಕುದುರೆ ಪಡೆಯವರು, ಮೇಲಿನ ಫಿರಂಗಿಗಳನ್ನು ಹಿಡಿಯಲು ಬೆಟ್ಟ ಹತ್ತುವ ನಮ್ಮವರು. ಬರೆಯುವಾಗ ನನಗೇ ರೋಮಾಂಚನ. ಸ್ನೇಹಿತರೊಬ್ಬರು ಸರ್ಕಾರಿ ಹೈಸ್ಕೂಲಲ್ಲಿ ಮೇಷ್ಟ್ರು. ಶನಿವಾರದ ಕೊನೇ ಪೀರಿಯಡ್ ಬಿಟ್ಟುಕೊಟ್ಟರು. ಒಂಬತ್ತನೇ ಕ್ಲಾಸು, ನಲವತ್ತು ಮಕ್ಕಳು. ಹನ್ನೆರಡನೇ ಪುಟಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಸ್ಕೇಲು ಟಕಟಕ ಅನ್ನತೊಡಗಿತು.

ಕೊನೆಗೆ ಪ್ರಶ್ನೆ ಕೇಳಿ ಅಂದೆ. ನನ್ನ ಹೀರೋ ಬಗ್ಗೆ ಒಬ್ಬರೂ ಕೇಳಲಿಲ್ಲ. 'ಕುದುರೆ ಬೆಟ್ಟ ಹೆಂಗೆ ಹತ್ತುತ್ತೆ ಸಾರ್?' 'ಕುದುರೆ ಸತ್ರೆ ಸವಾರ ನಡ್ಕೊಂಡು ಹೋಗ್ಬೇಕಾ?' ಬಸ್ಸಿನಲ್ಲಿ ವಾಪಸ್ ಬರುವಾಗ ಟಿಪ್ಪಣಿ ಪುಸ್ತಕ ತೆಗೆದು ನೋಡಿದೆ. ಹೈಫಾದಲ್ಲಿ ನಮ್ಮ ಕಡೆ ಸತ್ತ ಸೈನಿಕರು 8, ಗಾಯಗೊಂಡವರು 34. ಸತ್ತ ಕುದುರೆ 60, ಗಾಯಗೊಂಡದ್ದು 83. ಈ ಲೆಕ್ಕವನ್ನು ನಾನೇ ಬರೆದುಕೊಂಡಿದ್ದೆ. ನೋಡಿಯೇ ಇರಲಿಲ್ಲ, ಅಷ್ಟೆ.

ಕುದುರೆ ಬಗ್ಗೆ ನನಗೆ ಗೊತ್ತಿದ್ದದ್ದು ಸೊನ್ನೆ. ಮೈಸೂರಿನ ಒಬ್ಬ ಟಾಂಗಾದವರನ್ನು ಹಿಡಿದೆ. ದಿನಕ್ಕೆ ಮುನ್ನೂರು ರೂಪಾಯಿ, ಒಂಬತ್ತು ಬೆಳಗ್ಗೆ. 'ಪುಸ್ತಕ ಬರೆಯೋಕೆ ಲದ್ದಿ ಎತ್ತಬೇಕಾ?' ಅಂತ ನಕ್ಕರು. ಎತ್ತಿಸಿದರು ಕೂಡ. ಗೊರಸಿನೊಳಗಿನ ಕಲ್ಲು ತೆಗೆಯೋದು, ಹುರುಳಿ ನೆನೆಸೋದು, ಜೀನಿನ ಕೆಳಗೆ ಬೆನ್ನು ಉಜ್ಜಿ ಹುಣ್ಣಾಗಿದೆಯಾ ಅಂತ ಬೆರಳಲ್ಲಿ ತಡವಿ ನೋಡೋದು. ಒಂದು ಸಲ ಭುಜಕ್ಕೆ ಕಚ್ಚಿಸಿಕೊಂಡೆ. ಆ ಕಡಿತಕ್ಕೆ ಪುಸ್ತಕದಲ್ಲಿ ಎರಡು ಪುಟ ಕೊಟ್ಟಿದ್ದೇನೆ, ವಸೂಲಾಯಿತು.

ಎರಡನೇ ಕರಡಿನಲ್ಲಿ ಬೇರೆ ತಪ್ಪು. ಓದಿದ್ದನ್ನೆಲ್ಲ ತುರುಕಿದೆ. 1915ರ ಫೆಬ್ರವರಿಯಲ್ಲಿ ತುರ್ಕರು ಕಾಲುವೆಗೆ ನುಗ್ಗಿದ್ದು, ಯಾವ ಬ್ರಿಗೇಡು, ಯಾವ ಜನರಲ್ಲು, ಎಲ್ಲ. ಈ ಪಡೆಗಳ ಸ್ಮಾರಕವಾದ ದೆಹಲಿಯ ತೀನ್ ಮೂರ್ತಿಯನ್ನು ಕಣ್ಣಾರೆ ನೋಡಬೇಕು ಅಂತ ಹೋಗಿ ಬಂದೆ. ಹೈದರಾಬಾದ್, ಜೋಧಪುರ, ಮೈಸೂರು ಅಂತ ಮೂರು ಮೂರ್ತಿ. ಖರ್ಚು ಹತ್ತಿರ ಹತ್ತಿರ ಹನ್ನೊಂದು ಸಾವಿರ, ಪುಸ್ತಕಕ್ಕೆ ಸಿಕ್ಕಿದ್ದು ಒಂದು ಸಾಲು. ಬೆಂಗಳೂರಿನ ಜೆ.ಸಿ. ನಗರದಲ್ಲಿರುವ ಮೈಸೂರು ಲ್ಯಾನ್ಸರ್ಸ್ ಸ್ಮಾರಕಕ್ಕೆ ಬಿ.ಎಂ.ಟಿ.ಸಿ. ಬಸ್ಸಲ್ಲಿ ಹೋಗಿ ಬಂದಿದ್ದೆ. ಅಲ್ಲಿ ಒಂದು ಇಡೀ ಅಧ್ಯಾಯ ಸಿಕ್ಕಿತ್ತು.

ಮತ್ತೆ ಕ್ಲಾಸಿಗೆ ಹೋದೆ. ಈ ಸಲ ಪೆನ್ಸಿಲ್ ಹಿಡಿದೇ ಓದಿದೆ. ಎಲ್ಲಿ ಸ್ಕೇಲು ಸದ್ದಾಯಿತೋ ಅಲ್ಲಿ ಗೆರೆ. ಮನೆಗೆ ಬಂದು ಗೆರೆ ಬಿದ್ದದ್ದೆಲ್ಲ ಕತ್ತರಿಸಿದೆ. ಎಪ್ಪತ್ತು ಪುಟ ಹೋಯಿತು. ಯುದ್ಧಕ್ಕೆ ಉಳಿದದ್ದು ಹನ್ನೊಂದು ಪುಟ. ಹುಡುಗ ದೊಡ್ಡವನಾಗೋದು ಆ ಮಧ್ಯಾಹ್ನ ಅಲ್ಲ ತಾನೇ? ಅದಕ್ಕೆ ಮುಂಚಿನ ನಾಲ್ಕು ವರ್ಷ, ಮರಳಲ್ಲಿ ಒಂದು ಕುದುರೆಗೆ ನೀರು ಹೊಂದಿಸುತ್ತಾ.

ನಡುವೆ ಒಂದು ಹುಚ್ಚು ಪ್ರಯೋಗ. ಭರ್ಜಿಯ ಭಾರ ಗೊತ್ತಾಗಲಿ ಅಂತ ಒಂಬತ್ತಡಿ ಬಿದಿರು ಗಳ ಒಂದು ಕೈಯಲ್ಲಿ ಹಿಡಿದು ಸೈಕಲ್ ತುಳಿದೆ. ಹತ್ತು ನಿಮಿಷಕ್ಕೆ ಮಣಿಕಟ್ಟು ಹೋಯಿತು. ಪಕ್ಕದ ಮನೆ ಅಜ್ಜಿ 'ಮಾವಿನಕಾಯಿ ಕೀಳೋಕೆ ಹೊರಟ್ಯಾ?' ಅಂದರು. ಅವರ ಆ ಮಾತು ಮೂರನೇ ಅಧ್ಯಾಯದಲ್ಲಿದೆ.

ವಯಸ್ಸಿನ ಸುಳ್ಳು ಬಹಳ ಕಾಡಿತು. ಸಿಡ್ನಿ ಲೂಯಿಸ್ ಅನ್ನೋ ಇಂಗ್ಲಿಷ್ ಹುಡುಗ 12 ವರ್ಷಕ್ಕೇ ಸೇನೆ ಸೇರಿ 1916ರಲ್ಲಿ ಫ್ರಾನ್ಸಿನ ಸೋಮ್ ಯುದ್ಧದಲ್ಲಿದ್ದ. ತಾಯಿ ಜನನ ಪತ್ರ ಕಳಿಸಿ ಅವನನ್ನು ವಾಪಸ್ ಕರೆಸಿಕೊಂಡಳು. ನನ್ನ ಹುಡುಗನ ಅವ್ವ ಏನು ಕಳಿಸುತ್ತಾಳೆ? ಅವಳ ಹತ್ತಿರ ಇರೋದು ಒಂದೇ ಲೆಕ್ಕ, 'ಬೆಂಗಳೂರಿಗೆ ಪ್ಲೇಗ್ ಬಂದ ಮರುವರ್ಷ ಹುಟ್ಟಿದ್ದು.' ಪ್ಲೇಗ್ ಬಂದದ್ದು 1898. ಅಲ್ಲಿಗೆ ಸೇರುವಾಗ ಹದಿನೈದು, ಹೈಫಾದಲ್ಲಿ ಹತ್ತೊಂಬತ್ತು. ಅವಳ ಕಾಗದ ಯಾರಿಗೆ ತಲುಪಿತು ಅನ್ನೋದರ ಮೇಲೆ ಅರ್ಧ ಪುಸ್ತಕ ನಿಂತಿದೆ. ಅವನಿಗೆ ಹದಿನೆಂಟು ತುಂಬಿದ್ದನ್ನು ಎಲ್ಲೂ ಹೇಳಿಲ್ಲ, ಆದರೆ ಓದಿದ ಮಕ್ಕಳೆಲ್ಲ ಸರಿಯಾದ ಪುಟಕ್ಕೇ ಬೆರಳಿಟ್ಟರು. ಹೇಗೆ ಅಂತ ಕೇಳಬೇಡಿ, ಮುಂದಿನ ಪುಸ್ತಕಕ್ಕೂ ಅದೇ ಬೇಕು.

ದುಡ್ಡಿನ ವಿಷಯ. ಡೆಮಿ ಸೈಜು, 168 ಪುಟ, 500 ಪ್ರತಿ. ಡಿಟಿಪಿ, ಕರಡು ತಿದ್ದೋದು, ಮುಖಪುಟ, ಮುದ್ರಣ ಎಲ್ಲ ಸೇರಿ 43 ಸಾವಿರದ ಆಸುಪಾಸು. ಬೆಲೆ 150. ಅಂಗಡಿಯವರು ನಲವತ್ತು ಪರ್ಸೆಂಟ್ ಹಿಡಿದುಕೊಂಡರೆ ನಮಗೆ ಉಳಿಯೋದು ಟೀ ಕಾಸು. ಒಂದು ಅಂಗಡಿಯ ಬಾಕಿ ಇನ್ನೂ ಬಂದಿಲ್ಲ. ಹಾಗಾಗಿ ಶಾಲೆಗಳಿಗೆ ನಾನೇ ಹೋದೆ. ಒಂದು ಅಧ್ಯಾಯ ಗಟ್ಟಿಯಾಗಿ ಓದೋದು, ಕುದುರೆ ಕಾಲು ಕುಂಟುವ ಜಾಗದಲ್ಲಿ ನಿಲ್ಲಿಸೋದು, ಚೀಲ ಬಿಚ್ಚೋದು. ಶಾಲೆಯಲ್ಲಿ 120ಕ್ಕೆ ಕೊಟ್ಟೆ. ಸುಮಾರು ಮುನ್ನೂರು ಪ್ರತಿ ಹೀಗೇ ಹೋಯಿತು. ನಲವತ್ತು ಮಳೆಗೆ ನೆನೆದವು. ದೆಹಲಿ ಖರ್ಚು ಬಿಟ್ಟರೆ ಕೈಗೆ ಒಂದೆರಡು ಸಾವಿರ ಉಳಿದಿರಬಹುದು.

ಈಗ ಹೊಸದು ಬರೆಯುತ್ತಿದ್ದೇನೆ. 1943ರ ಜರ್ಮನಿ. ಹೈಸ್ಕೂಲು ಹುಡುಗರನ್ನು ಕ್ಲಾಸಿಗೆ ಕ್ಲಾಸೇ ವಿಮಾನ ಹೊಡೆಯುವ ತೋಪುಗಳಿಗೆ ಹಾಕಿದ್ದರು, ಪಾಠ ಹೇಳಲು ಮೇಷ್ಟ್ರುಗಳು ತೋಪಿದ್ದಲ್ಲಿಗೇ ಹೋಗುತ್ತಿದ್ದರು. ಎಂಥಾ ವಸ್ತು ಅಲ್ವಾ? ಆದರೆ ಇದರಲ್ಲಿ ಕುದುರೆ ಇಲ್ಲ. ಹೋದ ಶನಿವಾರ ಮೂವತ್ತು ಪುಟ ಓದಿದೆ. ಒಂಬತ್ತನೇ ಪುಟಕ್ಕೇ ಸ್ಕೇಲು ಶುರುವಾಯಿತು.